ಮಾತೃಭಾಷೆಯ ಪ್ರಭಾವ

ಚಿಂತಾಮಣಿ ರಸ್ತೆಯ ಹೊಸ ಇಂಟರ್‌ನ್ಯಾಷನಲ್ ಸ್ಕೂಲಿನವರು
ನನ್ನ ಡೆಮೊ ಕ್ಲಾಸು ನೋಡಿ ಬರೆದುಕೊಟ್ಟರು:
ವ್ಯಾಕರಣ ಚೆನ್ನಾಗಿದೆ. ಮಕ್ಕಳೊಡನೆ ಬೆರೆಯುತ್ತಾರೆ.
ಮಾತೃಭಾಷೆಯ ಪ್ರಭಾವ ಇದೆ.

ಸಕ್ಕರೆ ಇದೆ, ಬಿ.ಪಿ. ಇದೆ ಅನ್ನುವ ಹಾಗೆ.

ಚೀಟಿ ಮಡಿಚಿ ಶಿಡ್ಲಘಟ್ಟದ ಬಸ್ಸು ಹತ್ತಿದೆ.
ಸೀಟು ಸಿಕ್ಕ ಮೇಲೆ ಅನ್ನಿಸಿತು,
ಯಾವ ಮಾತೃಭಾಷೆ?

ಅಮ್ಮಿ ಬೈಯುತ್ತಿದ್ದದ್ದು ದಖನಿಯಲ್ಲಿ.
ಗೂಡಿನ ಮಾರ್ಕೆಟ್ಟಿನಲ್ಲಿ ಅಬ್ಬಾ ರೈತರ ಜೊತೆ ತೆಲುಗು.
ಒಂದನೇ ಕ್ಲಾಸಿನ ಗಂಗರತ್ನಮ್ಮ ಮಿಸ್ಸು
ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ್ದು ಅ ಆ ಇ ಈ.
ನಮಾಜಿಗೆ ಒಂದು, ನಗುವುದಕ್ಕೆ ಒಂದು,
ಕನಸಿನಲ್ಲಿ ಯಾವುದೋ, ಎದ್ದ ಮೇಲೆ ನೆನಪಿರುವುದಿಲ್ಲ.
ಅರ್ಜಿಯಲ್ಲಿ ಅದಕ್ಕೆಲ್ಲ ಒಂದೇ ಗೆರೆ.

ಕೆಲಸ ಸಿಕ್ಕಿದ್ದು ಆಲಿವರನಿಗೆ.
ಇಪ್ಪತ್ತಮೂರು ವರ್ಷ, ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟು,
ನಂದಿ ಬೆಟ್ಟ ನೋಡಲು ಬಂದವನು ಉಳಿದುಕೊಂಡ.
ಒಳ್ಳೆಯ ಹುಡುಗ, ಸುಳ್ಳು ಹೇಳಬಾರದು.
ಅವನ ಸಂಬಳ ಎಷ್ಟೆಂದು ಹೇಳಿದವಳು
ನಮ್ಮ ಬೀದಿಯ ಪ್ಯಾರಿಜಾನ್, ಅಲ್ಲಿ ಆಯಾ.
ಹೇಳಿ ತಾನೇ ತಲೆ ತಗ್ಗಿಸಿದಳು,
ಅವಳೇ ಕೊಟ್ಟಳೋ ಎಂಬಂತೆ.

ನನಗೂ ಫೋನು ಬಂತು: ನೋಟ್‌ಬುಕ್ಕು ತಿದ್ದುವುದಿದೆ, ಬರುತ್ತೀರಾ?
ಹತ್ತೊಂಬತ್ತು ವರ್ಷ ಪಾಠ ಮಾಡಿದವಳು.
ಹೋದೆ. ಗ್ಯಾಸಿನ ಬಿಲ್ಲಿಗೆ ಯಾವ ಭಾಷೆಯಾದರೂ ಒಂದೇ.

ಒಂದು ಮಧ್ಯಾಹ್ನ ಬಂದು ನಿಂತ, ಕೈಯಲ್ಲಿ ಮುನಿಕೃಷ್ಣನ ರಜಾ ಚೀಟಿ.
ಐ ಆಮ್ ಹ್ಯಾವಿಂಗ್ ಫೀವರ್.
ತಪ್ಪು ಅಂದೆ, ಯಾಕೆ ಅಂತ ಕೇಳಿದ.
ನನಗೆ ಗೊತ್ತಿಲ್ಲ ಮೇಡಂ. ಕಿವಿಗೆ ಸರಿಯಾಗಿಲ್ಲ, ಅಷ್ಟೇ.

ಕೂರಿಸಿ ಹೇಳಿದೆ.
ನಮ್ಮ ಮೂರು ಭಾಷೆಯಲ್ಲೂ ಜ್ವರ ಬರುತ್ತದಪ್ಪ,
ಹೇಳದೆ ಕೇಳದೆ ಬಂದ ನೆಂಟರ ಹಾಗೆ,
ಇರುತ್ತದೆ ಎರಡು ದಿನ, ಗಂಜಿ ಕುಡಿದು ಹೋಗುತ್ತದೆ.
ನಿಮ್ಮಲ್ಲಿ ಜ್ವರ ಇಟ್ಟುಕೊಳ್ಳುತ್ತೀರಿ,
ಕೊಡೆ ಇಟ್ಟುಕೊಂಡ ಹಾಗೆ, ಸೈಟು ಇಟ್ಟುಕೊಂಡ ಹಾಗೆ.
ಇಟ್ಟುಕೊಂಡದ್ದು ಸುಮ್ಮನೆ ಬಿದ್ದಿರುತ್ತದೆ, ನಡೆಯುವುದಿಲ್ಲ,
ಆ ಬಾಲ ಅದಕ್ಕೆ ಬೇಡ.
ಮುನಿಕೃಷ್ಣನ ಜ್ವರ ಇನ್ನೂ ಅವನ ಮನೆಯಲ್ಲಿ ಓಡಾಡುತ್ತಿದೆ,
ಅದಕ್ಕೇ ಬಾಲ ಹಚ್ಚಿದ್ದಾನೆ.

ಬರೆದುಕೊಂಡ.

ಅಬ್ಬಾನ ಕೈ ನೆನಪಾಯಿತು.
ಬಾಣಲೆಯ ಕುದಿನೀರಲ್ಲಿ ಗೂಡು ಉರುಳಾಡುವಾಗ
ಎಳೆಯ ತುದಿ ಕಣ್ಣಿಗೆ ಕಾಣುವುದಿಲ್ಲ,
ಬೆರಳಿಗೆ ಸಿಗುತ್ತದೆ, ಅದೂ ಬೆಂದ ಬೆರಳಿಗೆ.
ಅಷ್ಟುದ್ದ ನೂತದ್ದು ಹುಳವೇ,
ಆದರೆ ತುದಿ ಎಲ್ಲಿದೆ ಅಂತ ಹುಳವನ್ನು ಯಾರು ಕೇಳುತ್ತಾರೆ?
ನನಗೂ ಅಷ್ಟೇ.
ಇಸ್ಕೂಲು ಅಂದು ಕ್ಲಾಸಿಡೀ ನಕ್ಕ ದಿನ,
ವಿ ಎಲ್ಲಿ ಡಬ್ಲ್ಯೂ ಎಲ್ಲಿ ಅಂತ
ಕನ್ನಡಿ ಮುಂದೆ ತುಟಿ ಕಚ್ಚಿ ನಿಂತ ರಾತ್ರಿಗಳು,
ಎಲ್ಲಾ ಬೆರಳಲ್ಲಿವೆ.

ಆಷಾಢದ ಗಾಳಿಗೆ ಆಲಿವರ್ ಮಲಗಿದ.
ಪ್ಯಾರಿಜಾನ್ ಜೊತೆ ರಸಂ ತೆಗೆದುಕೊಂಡು ಹೋದೆ.
ಕಂಬಳಿಯೊಳಗಿಂದ, ಕಲಿತ ಕನ್ನಡದಲ್ಲಿ, ಹುಷಾರಾಗಿ ಅಂದ:
ನಾನು ಜ್ವರ ಇಟ್ಟುಕೊಂಡಿದ್ದೀನಿ.

ಪ್ಯಾರಿಜಾನ್ ಬಾಗಿಲು ಹಿಡಿದು ನಕ್ಕಳು.
ನಾನು ನಗಲಿಲ್ಲ ಅಂದರೆ ಸುಳ್ಳು, ಸ್ವಲ್ಪ ನಕ್ಕೆ.
ನನಗೆ ಜ್ವರ ಬಂದಿದೆ, ಅನ್ನು.
ಯಾಕೆ ನನಗೆ? ಯಾಕೆ ನಾನು ಅಲ್ಲ?
ಬಾಯಿ ತೆರೆದೆ. ಅಲ್ಲೇ ನಿಂತೆ.
ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

ನಾಳೆ ಹೇಳುತ್ತೇನೆ, ಮಾತ್ರೆ ನುಂಗು ಅಂದೆ.

ವಾಪಸು ಬಂದರೆ ಮೇಜಿನ ಮೇಲೆ
ಇನ್ನೂ ಮೂವತ್ತೊಂದು ನೋಟ್‌ಬುಕ್ಕು.
ಮೇಲಿನದರಲ್ಲಿ ಮುನಿಕೃಷ್ಣ
ಫೀವರನ್ನು ಎಫ್ ಬಿಟ್ಟು ಪಿ ಹಾಕಿ ಬರೆದಿದ್ದ.
ಕೆಂಪು ಪೆನ್ನಿನ ಮುಚ್ಚಳ ಹುಡುಕಿದೆ.